ಡೇರೆಯಲ್ಲಿ ಮುಗಿದ ದೊರೆತನ



ಪೂಜಾವಿಧಿಯ ವರ್ಷ ಮುಗಿಯುವ ಭಾನುವಾರ ನಾವು ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತೇವೆ. ಈ ಹಬ್ಬವನ್ನು ಪೋಪ್ ಹನ್ನೊಂದನೆಯ ಪಯಸ್ ಅವರು 1925ರಲ್ಲಿ ಸ್ಥಾಪಿಸಿದರು. ಆಗಷ್ಟೇ ಮೊದಲ ಮಹಾಯುದ್ಧ ಮುಗಿದು ರಷ್ಯಾ, ಜರ್ಮನಿ, ಆಸ್ಟ್ರಿಯಾಗಳ ಚಕ್ರವರ್ತಿಗಳ ಕಿರೀಟಗಳು ಒಂದರ ಹಿಂದೊಂದು ಉರುಳಿದ್ದವು. ಹಬ್ಬದ ಪ್ರಬೋಧನೆಗಳಲ್ಲಿ ಅರಸರ ಮಾತು ಬಂದಾಗ ನಾವು ಸಾಮಾನ್ಯವಾಗಿ ದಾವೀದ, ಸೊಲೊಮೋನ, ಹೆರೋದರನ್ನು ನೆನೆಯುತ್ತೇವೆ. ನಮ್ಮದೇ ನಾಡಿನ ಮಣ್ಣಿನಲ್ಲಿ ಡೇರೆ ಹಾಕಿಕೊಂಡು ಮುದುಕನಾದ ಒಬ್ಬ ಚಕ್ರವರ್ತಿಯ ಕೊನೆಗಾಲದ ವೃತ್ತಾಂತವನ್ನು ಈ ಸಲ ಸ್ವಲ್ಪ ಬಿಡಿಸಿ ನೋಡೋಣ. ಆತ ಮೊಘಲ್ ಬಾದಶಹ ಔರಂಗಜೇಬ್.

ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿ ವಾಸಿಸುವ ನಮಗೂ ಡೆಲ್ಲಿಯ ಬಾದಶಹನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ, ಅದೂ ವ್ಯಾಪಾರದ ಸಂಬಂಧ. ಬೆಂಗಳೂರು 1638ರಿಂದ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದು, ಶಹಾಜಿ ಭೋಸ್ಲೆಗೆ ಜಹಗೀರಾಗಿ ಸಿಕ್ಕಿತ್ತು. ಶಹಾಜಿಯ ಮಗ ಏಕೋಜಿ ತಂಜಾವೂರಿಗೆ ಹೋಗಿ ನೆಲೆಸಿದ ಮೇಲೆ, ಇಷ್ಟು ದೂರದ ಊರನ್ನು ಕಾಯುವುದು ಕಷ್ಟವೆಂದು ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಮಾರಲು ಮಾತುಕತೆ ನಡೆಸಿದ್ದ. ಮಾತುಕತೆ ಮುಗಿಯುವ ಮೊದಲೇ, 1687ರ ಜುಲೈನಲ್ಲಿ, ಔರಂಗಜೇಬನ ಸೇನಾನಿ ಕಾಸಿಮ್ ಖಾನ್ ಬಂದು ಕೋಟೆಯನ್ನು ಹಿಡಿದು ಮೊಘಲ್ ಬಾವುಟ ಹಾರಿಸಿಬಿಟ್ಟ. ಆದರೆ ಅವನಿಗೂ ಈ ಊರು ಬೇಕಿರಲಿಲ್ಲ, ಬೇಕಿದ್ದದ್ದು ಹಣ. ಅದೇ 3 ಲಕ್ಷಕ್ಕೆ ಅವನೇ ಅದನ್ನು ಒಡೆಯರಿಗೆ ಬಿಟ್ಟುಕೊಟ್ಟ. ಹೀಗೆ ಬೆಂಗಳೂರು ಮೈಸೂರಿನವರದಾಯಿತು. ಕೆ.ಆರ್. ಮಾರುಕಟ್ಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿರುವ ಕೋಟೆ ವೆಂಕಟರಮಣ ದೇವಸ್ಥಾನ ಆಮೇಲೆ ಚಿಕ್ಕದೇವರಾಜರು ಕಟ್ಟಿಸಿದ್ದು. ಇಂದು ಬಿ.ಟಿ.ಎಂ. ಬಡಾವಣೆಯಲ್ಲಿ ಒಂದು ಸೈಟಿನ ಬೆಲೆ ಕೇಳಿದವರಿಗೆ ಇಡೀ ಬೆಂಗಳೂರಿಗೆ 3 ಲಕ್ಷ ಎಂದರೆ ನಗು ಬರುತ್ತದೆ. ಆದರೆ ಈ ವ್ಯಾಪಾರದಲ್ಲೇ ಬಾದಶಹನ ಕೊನೆಗಾಲದ ಗುಟ್ಟೂ ಇದೆ. ಊರು ಗೆಲ್ಲುವ ಬಲ ಅವನ ಸೈನ್ಯಕ್ಕಿತ್ತು. ಗೆದ್ದ ಊರನ್ನು ಉಳಿಸಿಕೊಂಡು ಅದರಿಂದ ಬದುಕುವ ದಾರಿ ಮಾತ್ರ ಇರಲಿಲ್ಲ.

ಔರಂಗಜೇಬ್ ಹುಟ್ಟಿದ್ದು 1618ರಲ್ಲಿ. ತಂದೆ ಷಹಜಹಾನ್ ಕಾಯಿಲೆ ಬಿದ್ದಾಗ ಅಣ್ಣತಮ್ಮಂದಿರ ನಡುವೆ ನಡೆದ ಯುದ್ಧದಲ್ಲಿ ಗೆದ್ದು 1658ರಲ್ಲಿ ಪಟ್ಟವೇರಿದ. ತಂದೆ ಗುಣವಾಗಿ ಎದ್ದರೂ ಅವನನ್ನು ಆಗ್ರಾ ಕೋಟೆಯಲ್ಲೇ ಇರಿಸಿದ. 1666ರಲ್ಲಿ ತೀರಿಕೊಳ್ಳುವವರೆಗೂ, ಎಂಟು ವರ್ಷ, ಷಹಜಹಾನ್ ಅಲ್ಲಿ ಸೆರೆಯಾಳು. ಅಣ್ಣ ದಾರಾ ಶಿಕೋಹ್‌ನನ್ನು ಕೊಲ್ಲಿಸಿದ್ದೂ ಈತನೇ. ಇದನ್ನು ಇಲ್ಲಿ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಐವತ್ತು ವರ್ಷ ಈ ನೆನಪು ಅವನನ್ನು ಬಿಡಲಿಲ್ಲ.

1681ರಲ್ಲಿ ಅವನ ಮಗ ರಾಜಕುಮಾರ ಅಕ್ಬರ್ ತಂದೆಯ ಮೇಲೆ ದಂಗೆಯೆದ್ದು, ಸೋತು, ದಕ್ಷಿಣಕ್ಕೆ ಓಡಿಬಂದು ಶಿವಾಜಿಯ ಮಗ ಸಂಭಾಜಿಯ ಆಶ್ರಯ ಪಡೆದ. ಬಾದಶಹ ಮಗನ ಬೆನ್ನುಹತ್ತಿ ಅಜ್ಮೀರದಿಂದ ಹೊರಟು ದಕ್ಷಿಣಕ್ಕೆ ಬಂದ. ಒಂದೆರಡು ವರ್ಷದ ಕೆಲಸವೆಂದುಕೊಂಡಿದ್ದನೋ ಏನೋ, ಮತ್ತೆ ಉತ್ತರದ ನೆಲವನ್ನು ಅವನು ಕಾಣಲೇ ಇಲ್ಲ. ಮುಂದಿನ ಇಪ್ಪತ್ತಾರು ವರ್ಷ ಕಳೆದದ್ದು ಡೇರೆಗಳಲ್ಲಿ.

ಮೊದಮೊದಲು ಎಲ್ಲವೂ ಗೆಲುವೇ. 1686ರ ಸೆಪ್ಟೆಂಬರಿನಲ್ಲಿ ವಿಜಯಪುರ ಶರಣಾಯಿತು. ಹದಿಹರೆಯ ದಾಟುತ್ತಿದ್ದ ಕೊನೆಯ ಸುಲ್ತಾನ ಸಿಕಂದರ್ ಆದಿಲ್‌ಶಾಹ ಸೆರೆಯಾದ. ಗೋಳಗುಮ್ಮಟ ನೋಡಲು ಮಕ್ಕಳನ್ನು ಕರೆದುಕೊಂಡು ಹೋದವರು ಮಲಿಕ್-ಎ-ಮೈದಾನ್ ಫಿರಂಗಿಯನ್ನೂ ನೋಡಿರುತ್ತೀರಿ. ವಿಜಯಪುರ ಗೆದ್ದ ಸಂಗತಿಯನ್ನು ಔರಂಗಜೇಬ್ ಆ ಫಿರಂಗಿಯ ಮೇಲೆ ಕೆತ್ತಿಸಿದ್ದಾನೆ. ಮಾರನೆಯ ವರ್ಷ ಗೋಲ್ಕೊಂಡ ಬಿತ್ತು. 1689ರಲ್ಲಿ ಸಂಭಾಜಿ ಸೆರೆಸಿಕ್ಕಿ ಕ್ರೂರವಾಗಿ ಕೊಲ್ಲಲ್ಪಟ್ಟ. ಕಾಬೂಲಿನಿಂದ ಕಾವೇರಿಯ ಹತ್ತಿರದವರೆಗೆ ಒಬ್ಬನೇ ಬಾದಶಹ. ಇಷ್ಟು ದೊಡ್ಡ ರಾಜ್ಯವನ್ನು ಅವನ ವಂಶದಲ್ಲಿ ಅವನಿಗಿಂತ ಮೊದಲು ಯಾರೂ ಆಳಿರಲಿಲ್ಲ. ಆಗ ಅವನಿಗೆ ಎಪ್ಪತ್ತು ವರ್ಷ. ಅಲ್ಲಿಗೆ ನಿಲ್ಲಿಸಿ ಡೆಲ್ಲಿಗೆ ಮರಳಿದ್ದರೆ ಇತಿಹಾಸ ಬೇರೆಯಾಗುತ್ತಿತ್ತು ಎಂದು ಅನೇಕರು ಹೇಳುತ್ತಾರೆ. ನಮಗೂ ಹಾಗೆಯೇ ಅನ್ನಿಸುತ್ತದೆ.

ಅವನು ನಿಲ್ಲಿಸಲಿಲ್ಲ. ಸಂಭಾಜಿಯ ತಮ್ಮ ರಾಜಾರಾಮ ತಮಿಳುನಾಡಿನ ಜಿಂಜಿ ಕೋಟೆಗೆ ಹೋಗಿ ಕುಳಿತ. ಅದನ್ನು ಹಿಡಿಯಲು ಎಂಟು ವರ್ಷ ಬೇಕಾಯಿತು, ಹಿಡಿದಾಗ ರಾಜಾರಾಮ ಅಲ್ಲಿರಲಿಲ್ಲ. ಮರಾಠರಿಗೆ ಈಗ ಒಂದು ರಾಜಧಾನಿ, ಒಂದು ಸೈನ್ಯ ಎಂದಿರಲಿಲ್ಲ. ಹತ್ತಾರು ಸರದಾರರು ತಮ್ಮ ತಮ್ಮ ಕುದುರೆ ಪಡೆಗಳೊಂದಿಗೆ ಹಗಲು ಒಂದು ಕಡೆ, ರಾತ್ರಿ ಒಂದು ಕಡೆ. ಒಬ್ಬ ಅರಸನನ್ನು ಸೋಲಿಸಬಹುದು, ಊರೂರಿನಿಂದ ಏಳುವ ಜನರನ್ನು ಸೋಲಿಸುವುದು ಹೇಗೆ?

ಈ ಹೊತ್ತಿನಲ್ಲಿ ಬಾದಶಹನ ಪಾಳೆಯ ಎಲ್ಲಿತ್ತು ಗೊತ್ತೇ? ಇಂದಿನ ಬಾಗಲಕೋಟೆ ಜಿಲ್ಲೆಯ ಗಲಗಲಿಯಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ. 1695ರ ಮಾರ್ಚಿನಲ್ಲಿ ಜೆಮೆಲ್ಲಿ ಕರೇರಿ ಎಂಬ ಇಟಲಿಯ ಪ್ರವಾಸಿಯೊಬ್ಬ ಗೋವೆಯಿಂದ ಅಲ್ಲಿಗೆ ಬಂದ. ಇವನು ರಾಯಭಾರಿಯಲ್ಲ, ವ್ಯಾಪಾರಿಯಲ್ಲ, ಲೋಕ ಸುತ್ತುವ ಹುಚ್ಚಿನ ವಕೀಲ. ಅವನು ಕೊಡುವ ಲೆಕ್ಕದಂತೆ ಪಾಳೆಯದಲ್ಲಿ 60 ಸಾವಿರ ಕುದುರೆ ಸವಾರರು, 1 ಲಕ್ಷ ಕಾಲಾಳು, 250 ಪೇಟೆಗಳು, ಅಂಗಡಿಯವರು ಕಸುಬುದಾರರು ಎಲ್ಲ ಸೇರಿ 5 ಲಕ್ಷ ಜನ. ಪ್ರವಾಸಿಗರ ಲೆಕ್ಕದಲ್ಲಿ ಸ್ವಲ್ಪ ಉಪ್ಪುಖಾರ ಇರುತ್ತದೆನ್ನಿ. ಅದನ್ನು ಕಳೆದರೂ ಅದು ನಡೆದಾಡುವ ನಗರವೇ ಸರಿ. ಅಷ್ಟು ಬಾಯಿಗಳಿಗೆ ಜೋಳ, ಅಷ್ಟು ಕುದುರೆ ಆನೆಗಳಿಗೆ ಮೇವು ಎಲ್ಲಿಂದ ಬರಬೇಕು? ಸುತ್ತಲಿನ ಹಳ್ಳಿಗಳಿಂದ. ಪಾಳೆಯ ಇದ್ದಲ್ಲೆಲ್ಲ ಹೊಲ ಬರಿದಾಗುತ್ತಿತ್ತು, ಮರ ಕಾಣೆಯಾಗುತ್ತಿತ್ತು, ಬೇನೆ ಹಬ್ಬುತ್ತಿತ್ತು. 1688ರ ಕೊನೆಯಲ್ಲಿ ವಿಜಯಪುರದಲ್ಲಿ ಪ್ಲೇಗು ಕಾಣಿಸಿಕೊಂಡಾಗ ಬಾದಶಹನ ಒಬ್ಬ ಹೆಂಡತಿಯೇ ಅದಕ್ಕೆ ಬಲಿಯಾದಳು. ಬಡವರ ಗತಿ ಏನಾಗಿರಬೇಡ.

ಕರೇರಿ ಬರೆದದ್ದರಲ್ಲಿ ನಮ್ಮ ಮನಸ್ಸನ್ನು ತಟ್ಟುವ ಇನ್ನೊಂದು ಮಾತಿದೆ. ಮೊಘಲ್ ಸೈನ್ಯದಲ್ಲಿ ಫಿರಂಗಿ ಹಾರಿಸುವ ಕ್ರೈಸ್ತರು ಇದ್ದರು. ಗಲಗಲಿಯ ಪಾಳೆಯದಲ್ಲಿ ಅವರದೇ ಒಂದು ಕೇರಿ, ಅಲ್ಲಿ ಮಣ್ಣಿನ ಗೋಡೆಯ ಪುಟ್ಟ ದೇವಾಲಯ. ಅದನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು 'ಕನಾರಿನ್' ಗುರುಗಳು, ಅವರ ಖರ್ಚು ಆ ಸೈನಿಕರದು. ಪೋರ್ಚುಗೀಸರು ಗೋವೆಯ ಸ್ಥಳೀಯ ಜನರನ್ನು ಆ ಹೆಸರಿನಿಂದ ಕರೆಯುತ್ತಿದ್ದರು. ಕರೇರಿ ಅಲ್ಲಿ ಬಲಿಪೂಜೆಯಲ್ಲಿ ಭಾಗವಹಿಸಿದ. ಪಾಳೆಯ ಎದ್ದಾಗ ಆ ದೇವಾಲಯ ಕೃಷ್ಣೆಯ ದಂಡೆಯಲ್ಲಿ ಮತ್ತೆ ಮಣ್ಣಾಗಿರಬೇಕು. ಉತ್ತರ ಕರ್ನಾಟಕದ ಕ್ರೈಸ್ತರ ಚರಿತ್ರೆ ಬರೆಯುವವರು ಗಲಗಲಿಯನ್ನು ಮರೆಯದಿರಲಿ ಎಂದು ಇಲ್ಲಿ ಹೇಳುತ್ತಿದ್ದೇವೆ.

ಅದೇ ಕರೇರಿ ಬಾದಶಹನನ್ನು ಹತ್ತಿರದಿಂದ ಕಂಡ. ಗಿಡ್ಡ ದೇಹ, ದೊಡ್ಡ ಮೂಗು, ವಯಸ್ಸಿನಿಂದ ಬಾಗಿದ ಬೆನ್ನು, ಎಣ್ಣೆಗಪ್ಪು ಮುಖದ ಮೇಲೆ ಬೆಳ್ಳಗಿನ ಗಡ್ಡ, ಮೈಮೇಲೆ ಬಿಳಿ ಬಟ್ಟೆ. ಜನ ಕೊಟ್ಟ ಅರ್ಜಿಗಳನ್ನು ಕನ್ನಡಕವಿಲ್ಲದೆ ತಾನೇ ಓದಿ, ತನ್ನ ಕೈಯಿಂದಲೇ ಅದರ ಮೇಲೆ ಆಜ್ಞೆ ಬರೆಯುತ್ತಿದ್ದ. ಆ ಕೆಲಸ ಅವನಿಗೆ ಖುಷಿಯೆಂದು ಮುಖವೇ ಹೇಳುತ್ತಿತ್ತಂತೆ. ಎಪ್ಪತ್ತಾರರ ಮುದುಕ. ಹೊಗಳಬೇಕೆನ್ನಿಸುತ್ತದೆ. ಆದರೆ ಎಲ್ಲ ಅರ್ಜಿಯನ್ನೂ ತಾನೇ ಓದುವ ಯಜಮಾನನ ಮನೆಯಲ್ಲಿ ಬೇರೆ ಯಾರೂ ನಿರ್ಧಾರ ಮಾಡುವುದನ್ನು ಕಲಿಯುವುದಿಲ್ಲ. ದೊಡ್ಡ ದೊಡ್ಡ ಸೇನಾನಿಗಳು ಸಣ್ಣ ವಿಷಯಕ್ಕೂ ಬಾದಶಹನ ಪತ್ರ ಬರಲೆಂದು ಕಾದು ಕೂರುತ್ತಿದ್ದರು.

ನಮ್ಮ ಬೆಂಗಳೂರನ್ನು ಮಾರಿದ ಕಾಸಿಮ್ ಖಾನ್ ಏನಾದನೆಂದು ಹೇಳಿಬಿಡುತ್ತೇವೆ. ಅವನು ಶಿರಾದಲ್ಲಿ ಮೊಘಲರ ಮೊದಲ ಫೌಜುದಾರನಾಗಿ ಕುಳಿತ. 1695ರ ನವೆಂಬರಿನಲ್ಲಿ ಮರಾಠಾ ಸರದಾರ ಸಂತಾಜಿ ಘೋರ್ಪಡೆಯನ್ನು ಅಡ್ಡಗಟ್ಟಲು ಬಾದಶಹನ ಅಪ್ಪಣೆಯಾಯಿತು. ಸಹಾಯಕ್ಕೆ ಬಂದ ಸರದಾರರನ್ನು ಸತ್ಕರಿಸಲೆಂದು ಕಾಸಿಮ್ ಖಾನ್ ತನ್ನ ಒಳ್ಳೊಳ್ಳೆಯ ಡೇರೆಗಳು, ಚಿನ್ನ ಬೆಳ್ಳಿ ಪಿಂಗಾಣಿ ಪಾತ್ರೆಗಳನ್ನೆಲ್ಲ ಮುಂದಾಗಿ ಕಳುಹಿಸಿದ. ಸಂತಾಜಿ ಮೊದಲು ಅದನ್ನೇ ದೋಚಿದ, ಆಮೇಲೆ ಸೈನ್ಯವನ್ನು ಸುತ್ತುಗಟ್ಟಿದ. ಕಾಸಿಮ್ ಖಾನ್ ಚಳ್ಳಕೆರೆ ಬಳಿಯ ದೊಡ್ಡೇರಿಯ ಪುಟ್ಟ ಕೋಟೆಗೆ ನುಗ್ಗಿದ. ಅಲ್ಲಿ ಊಟವಿಲ್ಲ, ಮೇವಿಲ್ಲ. ಅಫೀಮಿನ ಚಟದ ಕಾಸಿಮ್ ಖಾನ್ ಅದು ಸಿಗದೆ ಸತ್ತನೆಂದು ಕೆಲವರು, ಮುಖ ತೋರಿಸಲಾಗದೆ ವಿಷ ಕುಡಿದನೆಂದು ಕೆಲವರು ಬರೆದರು. ಉಳಿದವರು ದೊಡ್ಡ ಮೊತ್ತದ ಒತ್ತೆಹಣ ಒಪ್ಪಿ ಬರಿಗೈಯಲ್ಲಿ ಹೊರಬಂದರು. ಎರಡು ತಿಂಗಳೊಳಗೆ, 1696ರ ಜನವರಿಯಲ್ಲಿ, ಇನ್ನೊಬ್ಬ ಸೇನಾನಿ ಹಿಮ್ಮತ್ ಖಾನ್ ಬಸವಾಪಟ್ಟಣದ ಬಳಿ ಗುಂಡಿಗೆ ಬಲಿಯಾದ. ಚಿತ್ರದುರ್ಗ, ದಾವಣಗೆರೆಯ ಕಡೆಯಿಂದ ಬಂದು ನಮ್ಮ ಧರ್ಮಕೇಂದ್ರಗಳಲ್ಲಿ ನೆಲೆಸಿರುವ ಕುಟುಂಬಗಳು ಈ ಊರುಗಳ ಹೆಸರನ್ನು ಬಲ್ಲರು.

ಇಷ್ಟು ದೊಡ್ಡ ಸಾಮ್ರಾಜ್ಯ ಒಳಗಿನಿಂದ ಹೇಗೆ ಟೊಳ್ಳಾಯಿತು ಎಂಬುದನ್ನು ಅರ್ಥಮಾಡಿಕೊಳ್ಳಲು ಸಂಬಳದ ವ್ಯವಸ್ಥೆಯನ್ನು ತಿಳಿಯಬೇಕು. ಮೊಘಲ್ ಅಧಿಕಾರಿಗಳಿಗೆ ಮನ್ಸಬ್‌ದಾರರೆಂದು ಹೆಸರು. ಅವರಿಗೆ ತಿಂಗಳ ಸಂಬಳ ಖಜಾನೆಯಿಂದ ಬರುತ್ತಿದ್ದುದು ಕಡಿಮೆ. ಇಂಥ ಇಂಥ ಹಳ್ಳಿಗಳ ಕಂದಾಯ ನಿನ್ನದು ಎಂದು ಬರೆದುಕೊಡುತ್ತಿದ್ದರು. ಅದೇ ಜಹಗೀರು. ಆ ಕಂದಾಯದಿಂದಲೇ ಅವನು ತನ್ನ ಕುದುರೆ ಸವಾರರನ್ನು ಸಾಕಬೇಕು. ವಿಜಯಪುರ, ಗೋಲ್ಕೊಂಡ ಬಿದ್ದ ಮೇಲೆ ಆ ರಾಜ್ಯಗಳ ಸರದಾರರೂ, ಪಕ್ಷ ಬದಲಿಸಿದ ಮರಾಠರೂ ಮನ್ಸಬ್‌ದಾರರಾದರು. ಕೊಡಬೇಕಾದವರು ಹೆಚ್ಚಿದರು, ಕೊಡುವ ಭೂಮಿ ಯುದ್ಧದಿಂದ ಹಾಳಾಗಿತ್ತು. ಕಾಗದದ ಮೇಲೆ ಹಳ್ಳಿಯ ಹುಟ್ಟುವಳಿ ಸಾವಿರ, ಕೈಗೆ ಬರುವುದು ನೂರು. ಕೆಲವರು ಜಹಗೀರಿಗಾಗಿ ವರ್ಷಗಟ್ಟಲೆ ದಫ್ತರದ ಬಾಗಿಲು ಕಾದರು. ಒಂದು ದಾಳಿಂಬೆಗೆ ನೂರು ರೋಗಿಗಳು ಎಂಬ ಆ ಕಾಲದ ಗಾದೆಯನ್ನು ಬಾದಶಹನೇ ಬಳಸುತ್ತಿದ್ದನಂತೆ.

ಸಂಬಳ ಸಿಗದ ಸರದಾರ ಏನು ಮಾಡುತ್ತಾನೆ? ಕುದುರೆಗಳ ಸಂಖ್ಯೆ ಕಡಿಮೆ ಮಾಡುತ್ತಾನೆ, ತಪಾಸಣೆಯ ದಿನ ಬಾಡಿಗೆ ಕುದುರೆ ತೋರಿಸುತ್ತಾನೆ. ತನ್ನ ಹಳ್ಳಿ ಉಳಿಯಲೆಂದು ಮರಾಠರಿಗೆ ಗುಟ್ಟಾಗಿ ಚೌಥ್, ಅಂದರೆ ಕಂದಾಯದ ನಾಲ್ಕನೇ ಒಂದು ಪಾಲು, ಕೊಡುತ್ತಾನೆ. ರೈತ ಇಬ್ಬರಿಗೂ ಕೊಟ್ಟು ಸೋತು ಕೊನೆಗೆ ನೇಗಿಲು ಬಿಟ್ಟು ಕತ್ತಿ ಹಿಡಿಯುತ್ತಾನೆ. ಬಂಗಾಳದ ದಿವಾನ ಮುರ್ಶಿದ್ ಕುಲಿ ಖಾನ್ ವರ್ಷಕ್ಕೆ ಸುಮಾರು 1 ಕೋಟಿ ರೂಪಾಯಿ ದಖ್ಖನಿನ ಪಾಳೆಯಕ್ಕೆ ಕಳುಹಿಸುತ್ತಿದ್ದ. ಕೊನೆಕೊನೆಗೆ ಪಾಳೆಯಕ್ಕೆ ಉಸಿರು ಅದೇ ಆಗಿತ್ತು. ಆದರೂ ಸೈನಿಕರಿಗೆ ವರ್ಷಗಟ್ಟಲೆ ಸಂಬಳ ಬಾಕಿ.

ಮೈಸೂರಿನ ಚಿಕ್ಕದೇವರಾಜರು ಇದನ್ನೆಲ್ಲ ದೂರದಿಂದ ಗಮನಿಸುತ್ತಿದ್ದರು. 1699ರಲ್ಲಿ ಬಾದಶಹನ ಬಳಿಗೆ ರಾಯಭಾರಿಗಳನ್ನು ಕಳುಹಿಸಿ ಬಿರುದು, ಮೊಹರು ಪಡೆದರು. ಆ ರಾಯಭಾರಿಗಳು ಅಲ್ಲಿ ಕಂಡ ಕಚೇರಿ ಪದ್ಧತಿಯ ಮಾದರಿಯಲ್ಲಿ ಮೈಸೂರಿನ ಆಡಳಿತವನ್ನು 18 ಇಲಾಖೆಗಳಾಗಿ ಮಾಡಿದರೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಅದೇ ಅಠಾರಾ ಕಚೇರಿ. ಇಂದು ಕಬ್ಬನ್ ಪಾರ್ಕಿನಲ್ಲಿ ಕೆಂಪಗೆ ನಿಂತಿರುವ ಹೈಕೋರ್ಟ್ ಕಟ್ಟಡಕ್ಕೆ 'ಅಠಾರ ಕಚೇರಿ' ಎಂಬ ಹೆಸರು ಬಂದದ್ದೂ 18 ಇಲಾಖೆಗಳಿಂದಲೇ.

1699ರಿಂದ ಬಾದಶಹ ಯಾರ ಮಾತನ್ನೂ ಕೇಳದೆ ಮರಾಠರ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ತಾನೇ ಹಿಡಿಯಲು ಹೊರಟ. ಸತಾರಾ, ಪರಳಿ, ಪನ್ಹಾಳ, ವಿಶಾಲಗಡ, ಸಿಂಹಗಡ, ರಾಜಗಡ, ತೋರಣಾ. ಸತಾರಾದಲ್ಲಿ ಶತ್ರುವಿನ ಗೋಡೆಗೆ ಇಟ್ಟ ಮದ್ದು ಹಿಂದಕ್ಕೆ ಸಿಡಿದು ತನ್ನವರೇ ಸುಮಾರು 2 ಸಾವಿರ ಜನ ಮಣ್ಣಿನಡಿ ಹೂತುಹೋದರು. ಬಹುಪಾಲು ಕೋಟೆಗಳನ್ನು ಕೊನೆಗೆ ಕೊಂಡದ್ದು ಹಣ ಕೊಟ್ಟು. ಹಣ ಪಡೆದವರು ಇಳಿದು ಹೋಗಿ, ಬಾದಶಹನ ಬೆನ್ನು ಕಾಣುತ್ತಲೇ ಮತ್ತೆ ಏರಿ ಕುಳಿತರು. 1702ರ ಮಳೆಗಾಲದಲ್ಲಿ ವಿಶಾಲಗಡದಿಂದ ಪನ್ಹಾಳಕ್ಕೆ, ಸುಮಾರು 30 ಮೈಲಿ ಹಿಂದಿರುಗಲು ಪಾಳೆಯಕ್ಕೆ 38 ದಿನ ಹಿಡಿಯಿತು. ಒಂಟೆ ಎತ್ತುಗಳು ಕೆಸರಿನಲ್ಲಿ ಸತ್ತವು, ಸಾಮಾನನ್ನು ಮನುಷ್ಯರು ಹೊತ್ತರು. 1700ರಲ್ಲಿ ರಾಜಾರಾಮ ತೀರಿಕೊಂಡಾಗ ಎಲ್ಲ ಮುಗಿಯಿತೆಂದು ಮೊಘಲರು ಹಿಗ್ಗಿದ್ದರು. ಅವನ ಹೆಂಡತಿ ತಾರಾಬಾಯಿ, ಇಪ್ಪತ್ತೈದರ ವಿಧವೆ, ಅವನಿಗಿಂತ ಚೆನ್ನಾಗಿ ಯುದ್ಧ ನಡೆಸಿದಳು.

ಕೊನೆಯ ಮುತ್ತಿಗೆ ನಡೆದದ್ದು ಮತ್ತೆ ನಮ್ಮ ಕನ್ನಡ ನೆಲದಲ್ಲಿ, ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ವಾಗಣಗೇರಾದಲ್ಲಿ. ಅಲ್ಲಿನ ಒಡೆಯ ಪಿಡ್ಡನಾಯಕ. ಬೇಡರ ಕುಲದವನು, ಬಂದೂಕಿನ ಗುರಿಗೆ ಅವನ ಜನ ಹೆಸರಾದವರು. 1705ರ ಫೆಬ್ರವರಿಯಲ್ಲಿ ಎಂಬತ್ತಾರರ ಬಾದಶಹ ತನ್ನ ಇಡೀ ವೈಭವದೊಂದಿಗೆ ಆ ಕಲ್ಲುಗುಡ್ಡದ ಮುಂದೆ ಬಂದು ಡೇರೆ ಹಾಕಿದ. ಬೇಡರ ಗುಂಡಿಗೆ ಮೊಘಲರು ಗುಡ್ಡ ಹತ್ತಲಾಗದೆ ಹಿಂದೆ ಬಿದ್ದರು. ಮರಾಠಾ ಸರದಾರರ ಹೆಂಡಿರು ಮಕ್ಕಳು ಆಗ ವಾಗಣಗೇರಾದಲ್ಲೇ ಆಶ್ರಯ ಪಡೆದಿದ್ದರು. ಅವರನ್ನು ಬಿಡಿಸಿಕೊಳ್ಳಲು ಧನಾಜಿ ಜಾಧವನ ಕುದುರೆ ಪಡೆ ಬಂತು. ಅಷ್ಟರಲ್ಲಿ ನಾಯಕ ಒಬ್ಬ ಕಾಶ್ಮೀರಿ ವ್ಯಾಪಾರಿಯ ಕೈಯಲ್ಲಿ ಶರಣಾಗತಿಯ ಮಾತು ಕಳುಹಿಸಿದ, ತನ್ನ ತಮ್ಮನನ್ನೇ ಪಾಳೆಯಕ್ಕೆ ಕಳಿಸಿದ. ಆಮೇಲೆ ಒಳಗಿನಿಂದ ಸುದ್ದಿ ಬಂತು: ನಾಯಕನಿಗೆ ಹುಚ್ಚು ಹಿಡಿದಿದೆ, ಕೋಟೆ ಬಿಟ್ಟು ಓಡಿದ್ದಾನೆ, ಅವನ ತಾಯಿಗೆ ಸ್ವಲ್ಪ ಸಮಯ ಕೊಡಿ. ಬಾದಶಹ ನಂಬಿದ. ಆ ಸಮಯದಲ್ಲಿ ಮರಾಠರ ಕುಟುಂಬಗಳು ಹಿಂಬಾಗಿಲಿನಿಂದ ಸುರಕ್ಷಿತವಾಗಿ ಹೊರಟುಹೋದವು. ಮೋಸ ತಿಳಿದ ಮೇಲೆ ಜುಲ್ಫಿಕರ್ ಖಾನ್ ಬಂದು ಜನರು ನೀರು ಸೇದುತ್ತಿದ್ದ ಬಾವಿಗಳನ್ನು ಹಿಡಿದ. ಏಪ್ರಿಲ್ ಕೊನೆಯಲ್ಲಿ ಒಂದು ರಾತ್ರಿ ಗುಂಡಿನ ಸದ್ದು ನಿಂತಿತು. ಮೊಘಲರು ಒಳಹೊಕ್ಕು ನೋಡಿದರೆ ಉರಿಯುವ ಮನೆಗಳು, ಓಡಲಾಗದ ಕೆಲವರು. ನಾಯಕನಿಲ್ಲ, ಖಜಾನೆಯಿಲ್ಲ. ಮೂರು ತಿಂಗಳಿಗೆ ಸಿಕ್ಕಿದ್ದು ಬೂದಿ. ಪಿಡ್ಡನಾಯಕನ ವಂಶದವರು ಸುರಪುರವನ್ನು ಮತ್ತೆ ಒಂದೂವರೆ ಶತಮಾನ, 1858ರವರೆಗೆ ಆಳಿದರು.

ಮಳೆಗಾಲಕ್ಕೆ ಪಾಳೆಯ ಹತ್ತಿರದ ದೇವಾಪುರಕ್ಕೆ ಬಂತು. ಅಲ್ಲಿ ಬಾದಶಹ ಹಾಸಿಗೆ ಹಿಡಿದ. ಹತ್ತು ಹನ್ನೆರಡು ದಿನ ಆಗಾಗ ಪ್ರಜ್ಞೆ ತಪ್ಪುತ್ತಿತ್ತು. ಸುತ್ತ ಶತ್ರುಗಳ ನಾಡು, ನಡುವೆ ಈ ನಡೆದಾಡುವ ನಗರ, ಅದಕ್ಕೆಲ್ಲ ಆಧಾರವಾದ ಒಂದು ಮುದಿಜೀವ. ಅದು ಹೋದರೆ ನಾಳೆ ಬೆಳಿಗ್ಗೆ ಯಾರು ಯಾರ ಕುತ್ತಿಗೆ ಹಿಡಿಯುತ್ತಾರೋ ಎಂದು ಪಾಳೆಯವೆಲ್ಲ ನಡುಗಿತು. ಅವನು ಚೇತರಿಸಿಕೊಂಡ. 1705ರ ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಮಲಗಿ ಉತ್ತರಕ್ಕೆ ಹೊರಟು, 1706ರ ಜನವರಿಯಲ್ಲಿ ಅಹ್ಮದ್‌ನಗರ (ಈಗಿನ ಅಹಿಲ್ಯಾನಗರ) ತಲುಪಿದ. ಇದು ತನ್ನ ಪಯಣದ ಕೊನೆ ಎಂದು ಅವನಿಗೆ ತಿಳಿದಿತ್ತು.

ಇಲ್ಲಿ ಮಕ್ಕಳ ಮಾತಿಗೆ ಬರಬೇಕು. ದಂಗೆಯೆದ್ದ ಅಕ್ಬರ್ ಪರ್ಷಿಯಾದಲ್ಲಿ ಸತ್ತ. ಬದುಕಿದ್ದವರಲ್ಲಿ ಹಿರಿಯ ಮಗ ಮುಅಜ್ಜಮ್ ಗೋಲ್ಕೊಂಡದ ಸುಲ್ತಾನನ ಜೊತೆ ಗುಟ್ಟಾಗಿ ಮಾತಾಡಿದನೆಂದು ಅವನನ್ನು 1687ರಿಂದ 1695ರವರೆಗೆ ಸೆರೆಯಲ್ಲಿ ಇಟ್ಟಿದ್ದ. ಎಂಟು ವರ್ಷ, ಷಹಜಹಾನ್ ಸೆರೆಯಲ್ಲಿ ಕಳೆದಷ್ಟೇ. ಕವಯಿತ್ರಿಯಾದ ಮಗಳು ಜೇಬುನ್ನೀಸಾ ತಮ್ಮ ಅಕ್ಬರನಿಗೆ ಪತ್ರ ಬರೆದಳೆಂದು ಡೆಲ್ಲಿಯ ಸಲೀಮ್‌ಗಡದಲ್ಲಿ ಇಪ್ಪತ್ತು ವರ್ಷ ಸೆರೆಯಾಗಿದ್ದು 1702ರಲ್ಲಿ ಅಲ್ಲೇ ತೀರಿಕೊಂಡಳು. ಮದುವೆಯಾಗದ ಇನ್ನೊಬ್ಬ ಮಗಳು ಜೀನತುನ್ನೀಸಾ ಮಾತ್ರ ಡೇರೆಯಿಂದ ಡೇರೆಗೆ ತಂದೆಯ ಆರೈಕೆ ಮಾಡುತ್ತ ಬಂದಳು. ತಾನು ತಂದೆಗೆ ಮಾಡಿದ್ದನ್ನು ಮಕ್ಕಳು ತನಗೆ ಮಾಡಿಬಿಟ್ಟಾರೆಂಬ ಭಯ ಔರಂಗಜೇಬನನ್ನು ಎಂದೂ ಬಿಡಲಿಲ್ಲ. ಆದ್ದರಿಂದ ಯಾವ ಮಗನಿಗೂ ಅಧಿಕಾರವನ್ನು ಪೂರ್ತಿಯಾಗಿ ಕೊಡಲಿಲ್ಲ, ಯಾರನ್ನೂ ಉತ್ತರಾಧಿಕಾರಿ ಎಂದು ಸಾರಲಿಲ್ಲ. ಅವನು ಸಾಯುವ ಹೊತ್ತಿಗೆ ಮುಅಜ್ಜಮನಿಗೆ ಅರವತ್ತಮೂರು. ಅಷ್ಟು ವಯಸ್ಸಿನ ಮಗ ಇನ್ನೂ 'ರಾಜಕುಮಾರ'.

ನಮ್ಮ ಬಡಾವಣೆಗಳಲ್ಲಿ ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋಗುವ ಗುರುಗಳಿಗೆ ಇದರ ಸಣ್ಣ ರೂಪ ಅಪರಿಚಿತವಲ್ಲ. ನಲವತ್ತು ವರ್ಷದ ಹಿಂದೆ ಸೈಟು ಕೊಂಡು ಬೆವರು ಸುರಿಸಿ ಕಟ್ಟಿದ ಮನೆ. ಮೇಲಿನ ಮಹಡಿ ಯಾರಿಗೆ, ಕೆಳಗಿನದು ಯಾರಿಗೆ ಎಂದು ಎಂಬತ್ತೈದರ ಅಪ್ಪ ಬಾಯಿ ಬಿಡುವುದಿಲ್ಲ. ಹೇಳಿದರೆ ಮಕ್ಕಳು ತನ್ನನ್ನು ಮೂಲೆಗೆ ತಳ್ಳುತ್ತಾರೆಂಬ ಭಯ. ಆ ಭಯಕ್ಕೆ ಕಾರಣವಿಲ್ಲವೆಂದು ಹೇಳಲು ನಮಗೂ ಧೈರ್ಯವಿಲ್ಲ, ಹಾಗೆ ತಳ್ಳಲ್ಪಟ್ಟವರನ್ನೂ ನೋಡಿದ್ದೇವೆ. ಮಕ್ಕಳು ಹೊರಗಿನ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಾರೆ.

ಔರಂಗಜೇಬ್ ಧರ್ಮನಿಷ್ಠನೆಂದು ಹೆಸರಾದವನು. ಆದರೆ 1675ರಲ್ಲಿ ಸಿಖ್ ಗುರು ತೇಗ್ ಬಹಾದೂರರಿಗೆ ಮರಣದಂಡನೆಯಾದದ್ದೂ, 1679ರಲ್ಲಿ ಮುಸ್ಲಿಮೇತರರ ಮೇಲೆ ಜಿಜಿಯಾ ತಲೆಗಂದಾಯ ಮರಳಿ ಬಂದದ್ದೂ ಅವನ ಆಳ್ವಿಕೆಯಲ್ಲೇ. ಇದನ್ನು ಹೇಳದೆ ಅವನ ಸರಳ ಜೀವನವನ್ನು ಮಾತ್ರ ಹೊಗಳಿದರೆ ಅರ್ಧಸತ್ಯವಾಗುತ್ತದೆ. ಸರಳತೆಯೂ ನಿಜವೇ. ಟೋಪಿ ಹೊಲಿಯುತ್ತಿದ್ದ, ಕುರಾನಿನ ಪ್ರತಿ ಮಾಡುತ್ತಿದ್ದ. ಟೋಪಿ ಮಾರಿದ 4 ರೂಪಾಯಿ 2 ಆಣೆಯಲ್ಲಿ ತನ್ನ ಶವವಸ್ತ್ರ ಕೊಳ್ಳಬೇಕು, ಕುರಾನ್ ಬರೆದು ಗಳಿಸಿದ 305 ರೂಪಾಯಿಯನ್ನು ತಾನು ಸತ್ತ ದಿನ ಫಕೀರರಿಗೆ ಹಂಚಬೇಕು ಎಂದು ಅವನದೆನ್ನಲಾದ ಉಯಿಲಿನಲ್ಲಿದೆ.

1707ರ ಫೆಬ್ರವರಿಯಲ್ಲಿ ಮತ್ತೆ ಕಾಯಿಲೆ. ಮೂರನೆಯ ಮಗ ಆಜಮ್ ಮತ್ತು ಕಿರಿಯ ಮಗ ಕಾಮ್ ಬಕ್ಷ್ ಇಬ್ಬರೂ ಪಾಳೆಯದಲ್ಲಿದ್ದರು. ಆಜಮ್ ಕಿರಿಯವನನ್ನು ಮುಗಿಸಿಬಿಡುತ್ತಾನೆಂದು ಹೆದರಿ ಮುದುಕ ಕಾಮ್ ಬಕ್ಷ್‌ನನ್ನು ವಿಜಯಪುರಕ್ಕೆ, ಕೆಲದಿನಗಳಲ್ಲಿ ಆಜಮನನ್ನು ಮಾಳ್ವಕ್ಕೆ ಕಳುಹಿಸಿದ. ಸಾಯುವ ಹೊತ್ತಿಗೆ ಹತ್ತಿರ ಮಗನೊಬ್ಬನೂ ಇರಬಾರದೆಂದು ತಂದೆಯೇ ಏರ್ಪಾಡು ಮಾಡಿಕೊಂಡಂತಾಯಿತು. ಅವರಿಬ್ಬರಿಗೂ ಬರೆಸಿದ ಕೊನೆಯ ಪತ್ರಗಳು ಪ್ರಸಿದ್ಧವಾಗಿವೆ. ಒಂಟಿಯಾಗಿ ಬಂದವನು ಅಪರಿಚಿತನಂತೆ ಹೋಗುತ್ತಿದ್ದೇನೆ, ಪ್ರಜೆಗಳಿಗೆ ತಾನು ಒಳಿತು ಮಾಡಲಿಲ್ಲ, ಪಾಪಗಳ ಹೊರೆ ಹೊತ್ತಿದ್ದೇನೆ, ಏನು ಶಿಕ್ಷೆಯೋ ತಿಳಿಯದು, ಆದರೂ ದೇವರ ಕರುಣೆಯಲ್ಲಿ ಭರವಸೆಯಿದೆ ಎಂಬುದು ಅವುಗಳ ತಾತ್ಪರ್ಯ. ಒಬ್ಬ ಅಧಿಕಾರಿ, ಗ್ರಹಶಾಂತಿಗೆ ಆನೆ, ವಜ್ರ ದಾನ ಮಾಡಬೇಕೆಂದು ಸೂಚಿಸಿದಾಗ ಅದನ್ನು ತಳ್ಳಿಹಾಕಿ, ಬಡವರಿಗೆ ಹಂಚಲು 4 ಸಾವಿರ ರೂಪಾಯಿ ಕಳುಹಿಸಿ, ಈ ಮಣ್ಣಿನ ಜೀವವನ್ನು ಬೇಗ ಮಣ್ಣಿಗೆ ಸೇರಿಸಿ ಎಂಬರ್ಥದ ಮಾತನ್ನು ಬರೆದ. ಮಾರ್ಚ್ 3ರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಜಪಮಣಿಯ ಮೇಲೆ ಬೆರಳಾಡಿಸುತ್ತಲೇ ಪ್ರಾಣ ಬಿಟ್ಟ. ಎಂಬತ್ತೆಂಟು ವರ್ಷ ವಯಸ್ಸು, ನಲವತ್ತೊಂಬತ್ತು ವರ್ಷದ ಆಳ್ವಿಕೆ. ಖುಲ್ದಾಬಾದಿನ ಸೂಫಿ ಸಂತರ ದರ್ಗಾದ ಅಂಗಳದಲ್ಲಿ, ಮೇಲೆ ಸೂರಿಲ್ಲದ ಮಣ್ಣಿನ ಗೋರಿಯಲ್ಲಿ ಅವನನ್ನು ಇಟ್ಟರು.

ದಿಂಬಿನ ಕೆಳಗೆ ಒಂದು ಕಾಗದವಿತ್ತಂತೆ, ಮೂವರು ಮಕ್ಕಳೂ ಜಗಳವಾಡದೆ ರಾಜ್ಯ ಹಂಚಿಕೊಳ್ಳಬೇಕೆಂದು. ಬಾಯಿ ಬಿಟ್ಟು ಹೇಳಬೇಕಾದ ಕಾಲ ಕಳೆದ ಮೇಲೆ ಬರೆದಿಟ್ಟ ಮಾತು. ಅದನ್ನು ಯಾರೂ ಕೇಳಲಿಲ್ಲ. ಅದೇ ವರ್ಷ ಜೂನಿನಲ್ಲಿ ಆಗ್ರಾ ಬಳಿಯ ಜಾಜೌ ಎಂಬಲ್ಲಿ ಅಣ್ಣನ ಎದುರು ಕಾದಾಡಿ ಆಜಮ್ ಸತ್ತ. ಅವನ ಮಗ, ಅಜ್ಜನ ಮುದ್ದಿನ ಬೀದರ್ ಬಖ್ತ್ ಕೂಡ ಸತ್ತ. ಕಾಮ್ ಬಕ್ಷ್ ವಿಜಯಪುರದಲ್ಲಿ ತಾನೇ ಬಾದಶಹನೆಂದು ಸಾರಿಕೊಂಡು, 1709ರ ಜನವರಿಯಲ್ಲಿ ಹೈದರಾಬಾದಿನ ಬಳಿ ಗಾಯಗೊಂಡು ಕಣ್ಣುಮುಚ್ಚಿದ. ಗೆದ್ದ ಮುಅಜ್ಜಮ್ ಬಹಾದೂರ್ ಶಾಹನೆಂಬ ಹೆಸರಿನಲ್ಲಿ ಆಳಿದ್ದು ಐದು ವರ್ಷವೂ ತುಂಬಲಿಲ್ಲ.

ಕಾಸಿಮ್ ಖಾನ್ ಕುಳಿತಿದ್ದ ಶಿರಾದಲ್ಲಿ ಮೊಘಲರ ಹೆಸರಿನ ಅಧಿಕಾರಿಗಳು ಇನ್ನೂ ಅರ್ಧ ಶತಮಾನ ಇದ್ದರು. ಅಲ್ಲಿ ಅವರು ಒಂದು ತೋಟ ಮಾಡಿಸಿದ್ದರು, ಖಾನ್ ಬಾಗ್ ಎಂದು ಅದರ ಹೆಸರು. ಶಿರಾವನ್ನು ಬಲ್ಲ ಹೈದರ್ ಅಲಿ 1760ರಲ್ಲಿ ಬೆಂಗಳೂರಿನಲ್ಲಿ ತೋಟ ಹಾಕಿಸುವಾಗ ಅದನ್ನೇ ಮಾದರಿಯಾಗಿ ಇಟ್ಟುಕೊಂಡನೆಂದು ಹೇಳುತ್ತಾರೆ. ಅದು ಲಾಲ್‌ಬಾಗ್. ಬೆಳಗಿನ ಪೂಜೆ ಮುಗಿಸಿ ಜಯನಗರದ ಹಿರಿಯರು ಈಗ ಅಲ್ಲಿಗೇ ವಾಕಿಂಗ್ ಹೋಗುತ್ತಾರೆ.